ಹಳೇ ಕಡತ ಎಲ್ಲಿದೆ, ಹೇಗೆ ನೋಡೋದು? ಪತ್ರಾಗಾರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಕೆರೆಯ ಚರಿತ್ರೆ ಬರೆಯಬೇಕು, ತಾತನ ಇನಾಂ ಜಮೀನಿನ ಮೂಲ ಗೊತ್ತಾಗಬೇಕು, ಪಿಎಚ್‌ಡಿಗೆ ದಾಖಲೆ ಬೇಕು. ಹೀಗೆ ಹುಡುಕಿಕೊಂಡು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಕರ್ನಾಟಕದ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಪತ್ರಾಗಾರ ಅಂದರೆ ಹಳೇ ಪುಸ್ತಕಗಳ ಗ್ರಂಥಾಲಯ ಅಲ್ವಾ?

ಅಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ಪತ್ರಾಗಾರದಲ್ಲಿ ಕಾಗದ ಯಾವ ಕಚೇರಿಯಲ್ಲಿ ಹುಟ್ಟಿತೋ ಆ ಕಚೇರಿಯ ಹೆಸರಿನಲ್ಲೇ, ಅಲ್ಲಿದ್ದ ಕ್ರಮದಲ್ಲೇ ಇಟ್ಟಿರುತ್ತಾರೆ. ಅಲ್ಲಿ "ಕೆರೆಗಳು" ಅನ್ನೋ ಕಪಾಟು ಇರುವುದಿಲ್ಲ. ಕೆರೆ ಏರಿ ಒಡೆದಿದ್ದರೆ ಕಾಗದ ಲೋಕೋಪಯೋಗಿ ಇಲಾಖೆಯದು. ಕೆರೆ ಅಂಗಳದ ಒತ್ತುವರಿ ಆದರೆ ಕಂದಾಯದ್ದು. ಕೆರೆ ನೀರು ದೇವಸ್ಥಾನದ ಗದ್ದೆಗೆ ಹೋಗುತ್ತಿದ್ದರೆ ಮುಜರಾಯಿಯದು. ನೀರಿಗಾಗಿ ಎರಡು ಊರಿನವರು ಹೊಡೆದಾಡಿಕೊಂಡಿದ್ದರೆ ಪೊಲೀಸ್ ಕಡತದಲ್ಲಿ ಸಿಕ್ಕೀತು.

ಹಾಗಾಗಿ "ಇದರ ಬಗ್ಗೆ ಏನಿದೆ?" ಅಂತ ಕೇಳಿದರೆ ಅಲ್ಲಿನ ಸಿಬ್ಬಂದಿ ಮುಖ ಮುಖ ನೋಡುತ್ತಾರೆ. "ಈ ಕೆಲಸ ಆ ಕಾಲದಲ್ಲಿ ಯಾವ ಕಚೇರಿಗೆ ಸೇರಿತ್ತು?" ಅಂತ ಮೊದಲು ನೀವೇ ಕೇಳಿಕೊಳ್ಳಿ. ಮುಂದಿನ ಅರ್ಧ ಉತ್ತರಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಹಾಗಾದರೆ ನೇರ ಪತ್ರಾಗಾರಕ್ಕೆ ಹೋಗಬಹುದಾ?

ಬೇಡ. ಮೊದಲು ಅಚ್ಚಾದದ್ದನ್ನು ಓದಿ. ಗೆಜೆಟಿಯರ್ ಅಂದರೆ ಒಂದು ಪ್ರದೇಶದ ಪೂರ್ತಿ ವಿವರ ಕೊಡುವ ಸರ್ಕಾರಿ ಗ್ರಂಥ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1876-78ರಲ್ಲಿ ಬಂತು, 1897ರಲ್ಲಿ ಪರಿಷ್ಕರಣೆಯಾಯಿತು. ಸಿ. ಹಯವದನರಾಯರದು 1927ರಿಂದ 1930ರವರೆಗೆ ಬಂತು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ 1884ರ ಬಾಂಬೆ ಗೆಜೆಟಿಯರ್ ಸಂಪುಟಗಳಿವೆ. ಉತ್ತರ ಕನ್ನಡದ್ದು ಅದಕ್ಕೂ ಒಂದು ವರ್ಷ ಮೊದಲಿನದು. ದಕ್ಷಿಣ ಕನ್ನಡಕ್ಕೆ 1894ರಲ್ಲಿ ಶುರುವಾದ ಸೌತ್ ಕೆನರಾ ಮ್ಯಾನ್ಯುಯಲ್ ಇದೆ. ಇವುಗಳನ್ನು ಓದಿದರೆ ಆ ಕಾಲದ ತಾಲ್ಲೂಕು, ಅಧಿಕಾರಿಗಳ ಹುದ್ದೆ, ಊರಿನ ಹೆಸರಿನ ಸ್ಪೆಲ್ಲಿಂಗ್ ಎಲ್ಲ ಗೊತ್ತಾಗುತ್ತದೆ.

ಮೈಸೂರು ಸೀಮೆಯವರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಬಿಡಲೇಬಾರದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಪ್ರತಿನಿಧಿಗಳೊಂದಿಗೆ ಶುರುವಾದ ಸಭೆ ಇದು. 1949ರವರೆಗೂ ನಡೆಯಿತು. ನಮ್ಮೂರಿಗೆ ಸೇತುವೆ ಬೇಕು, ಕೆರೆ ಹೂಳು ತೆಗೆಸಿ, ಕಾಡುಹಂದಿ ಕಾಟ ತಡೆಯಿರಿ, ಇಂಥ ಬೇಡಿಕೆಗಳೇ ಅದರ ತುಂಬ. ಊರಿನ ಚರಿತ್ರೆಗೆ ಇದಕ್ಕಿಂತ ಹತ್ತಿರದ ಅಚ್ಚಾದ ಆಕರ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ವಿಷಯಕ್ಕೆ ಹತ್ತಿರದ ಒಂದೆರಡು ಒಳ್ಳೆಯ ಸಂಶೋಧನಾ ಪ್ರಬಂಧಗಳ ಅಡಿಟಿಪ್ಪಣಿಗಳನ್ನೂ ಕೂತು ಓದಿ. ಅವರು ನೋಡಿದ ಕಡತದ ನಂಬರು ಅಲ್ಲೇ ಇರುತ್ತದೆ. ಅದೇ ನಂಬರಿನ ಹಿಂದೆ ಮುಂದೆ ಏನಿದೆ ಅಂತ ನೋಡುತ್ತಾ ಹೋದರೆ ಹೊಸದು ಸಿಗುತ್ತದೆ.

ನಮ್ಮ ಊರಿನ ದಾಖಲೆ ಯಾವ ಊರಿನಲ್ಲಿರುತ್ತದೆ?

ಎಲ್ಲರೂ ತಪ್ಪು ರೈಲು ಹತ್ತುವುದು ಇಲ್ಲೇ. ಇವತ್ತಿನ ನಕ್ಷೆ ಮಡಚಿಡಿ. 1956ಕ್ಕೆ ಮುಂಚೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಕಾಗದಗಳೂ ಹಾಗೆಯೇ ಹಂಚಿಹೋದವು.

ಹಳೇ ಮೈಸೂರು ಸಂಸ್ಥಾನದ್ದು ಬಹುಪಾಲು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿದೆ, ಅಂದರೆ ವಿಧಾನಸೌಧದಲ್ಲಿ. ಮೈಸೂರಿನಲ್ಲಿ ವಿಭಾಗೀಯ ಪತ್ರಾಗಾರವಿದೆ.

ದಕ್ಷಿಣ ಕನ್ನಡ ಮತ್ತು ಉಡುಪಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಬಳ್ಳಾರಿಯೂ 1953ರವರೆಗೆ ಅಲ್ಲೇ ಇತ್ತು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇವರೆಲ್ಲ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಹಿಂದೆ ಅದರ ಹೆಸರು ಮದ್ರಾಸ್ ರೆಕಾರ್ಡ್ ಆಫೀಸ್. ಅಲ್ಲಿನ ಕಂದಾಯ ಮಂಡಳಿಯ ನಡವಳಿಗಳಲ್ಲಿ ಕೆನರಾದ ಕಲೆಕ್ಟರುಗಳು ಬರೆದ ಪತ್ರಗಳು ರಾಶಿ ರಾಶಿ ಇವೆ.

ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆ ಪ್ರಾಂತ್ಯದವು. ಆದ್ದರಿಂದ ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ಅದು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ಅದಕ್ಕೂ ಹಿಂದಿನ ಪೇಶ್ವೆ ಕಾಲದ್ದು ಬೇಕಾದರೆ ಪುಣೆಯ ಪೇಶ್ವೆ ದಫ್ತರ.

ಉತ್ತರ ಕನ್ನಡದವರ ಕಥೆ ಸ್ವಲ್ಪ ಬೇರೆ. ಆ ಜಿಲ್ಲೆ 1862ರವರೆಗೆ ಮದ್ರಾಸಿನಲ್ಲಿತ್ತು, ಆಮೇಲೆ ಬಾಂಬೆಗೆ ಹೋಯಿತು. ಕುಮಟಾದ ಹತ್ತಿ ಬಂದರಿನ ಬಗ್ಗೆ ಬರೆಯುವವರು 1850ರ ಕಾಗದಕ್ಕೆ ಚೆನ್ನೈಗೂ 1870ರ ಕಾಗದಕ್ಕೆ ಮುಂಬೈಗೂ ಹೋಗಬೇಕು. ಕಾರವಾರದಾಚೆಗಿನ ಪೋರ್ಚುಗೀಸರ ಕಾಗದಕ್ಕೆ ಪಣಜಿಗೂ ಹೋಗಬೇಕಾಗುತ್ತದೆ. ಗೋವಾ ಪತ್ರಾಗಾರದ ಮೂಲ 1595ಕ್ಕೆ ಹೋಗುತ್ತದೆ. ಕೆಳದಿ, ಸೋದೆ, ಮೈಸೂರಿನ ಅರಸರ ಜೊತೆಗಿನ ಪತ್ರವ್ಯವಹಾರ ಅಲ್ಲಿ "ನೆರೆಯ ಅರಸರು" ಎಂಬ ಅರ್ಥದ ಹೆಸರಿನ ಸಂಪುಟಗಳಲ್ಲಿದೆ. ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿನ ಅರಸರು ಗೋವೆಗೇ ಹೋಗಿ ನೆಲೆಸಿದರು. ಅವರ ಮುಂದಿನ ಕಥೆ ಕರ್ನಾಟಕದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಹೈದರಾಬಾದಿನ ತಾರ್ನಾಕಾದಲ್ಲಿ ತೆಲಂಗಾಣ ರಾಜ್ಯ ಪತ್ರಾಗಾರವಿದೆ. ಅಲ್ಲಿ ಪರ್ಷಿಯನ್ ಮತ್ತು ಉರ್ದು ಬಾರದೆ ಜಾಸ್ತಿ ದೂರ ಹೋಗಲಾಗದು.

ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿತ್ತು. 1881ರ ನಂತರ ಮೈಸೂರಿನ ರೆಸಿಡೆಂಟರೇ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯೇ, ಕೊಡಗಿನ ಚೀಫ್ ಕಮಿಷನರ್ ಕೂಡ. ಹಾಗಾಗಿ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ಮೈಸೂರು ರೆಸಿಡೆನ್ಸಿಯ ಕಾಗದಗಳನ್ನೂ ನೋಡಬೇಕು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಪುಟ್ಟ ಸಂಸ್ಥಾನಗಳದ್ದು ದೊಡ್ಡ ತಲೆನೋವು. ಮುಂಬೈ, ಪುಣೆ, ಕೊಲ್ಲಾಪುರ, ದೆಹಲಿ ಎಲ್ಲ ಕಡೆಯೂ ವಿಚಾರಿಸಬೇಕು. ಆ ಮನೆತನಗಳವರನ್ನೂ ಕೇಳಬೇಕು.

ಇಷ್ಟೆಲ್ಲ ಹೇಳಿ ಬೆಂಗಳೂರನ್ನೇ ಮರೆಯಬಾರದು. ದಂಡು ಪ್ರದೇಶ (ಕಂಟೋನ್ಮೆಂಟ್) 1947ರ ಜುಲೈವರೆಗೂ ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ. ಶಿವಾಜಿನಗರದ ಕಾಗದಕ್ಕೂ ಚಿಕ್ಕಪೇಟೆಯ ಕಾಗದಕ್ಕೂ ದಾರಿ ಬೇರೆ ಬೇರೆ.

ಒಂದು ಉದಾಹರಣೆ ಕೊಟ್ಟು ಹೇಳಿ, ಒಂದು ವಿಷಯವನ್ನು ಹೇಗೆ ಬೆನ್ನು ಹತ್ತುವುದು?

1898ರ ಬೆಂಗಳೂರಿನ ಪ್ಲೇಗ್ ತೆಗೆದುಕೊಳ್ಳೋಣ. ಆ ವರ್ಷ ಆಗಸ್ಟ್‌ನಲ್ಲಿ ರೋಗ ಊರಿಗೆ ಕಾಲಿಟ್ಟಿತು. ಪೇಟೆ ಮೈಸೂರು ದಿವಾನರದು, ದಂಡು ಬ್ರಿಟಿಷ್ ರೆಸಿಡೆಂಟರದು. ಇಲಿಗೆ ಗಡಿ ಇರಲಿಲ್ಲ, ಕಡತಕ್ಕೆ ಇತ್ತು.

ಪೇಟೆಯ ಕಡೆಯಿಂದ ಶುರು ಮಾಡಿದರೆ ರಾಜ್ಯ ಪತ್ರಾಗಾರದಲ್ಲಿ ಪ್ಲೇಗ್ ಹೆಸರಿನಲ್ಲೇ ಕಡತಗಳಿವೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಸೈಟು ಹಂಚಿಕೆ ಪುರಸಭೆಯ ಕಾಗದ. ಮಾರುಕಟ್ಟೆ ಮುಚ್ಚಿ ನಷ್ಟವಾಯಿತು, ಕಂದಾಯ ಮಾಫಿ ಮಾಡಿ ಅಂದವರ ಅರ್ಜಿ ಕಂದಾಯ ಇಲಾಖೆಯಲ್ಲಿರುತ್ತದೆ. ಜಾತ್ರೆ ನಿಲ್ಲಿಸಿದ್ದಕ್ಕೆ ಬಂದ ತಕರಾರು ಮುಜರಾಯಿಯಲ್ಲಿ. ಮನೆ ಮನೆ ಶೋಧನೆಗೆ ಹೋದವರ ಜೊತೆ ಜಗಳವಾಗಿದ್ದರೆ ಪೊಲೀಸ್.

ದಂಡಿನ ಕಡೆಗೆ ದೆಹಲಿಯ ರೆಸಿಡೆನ್ಸಿ ದಾಖಲೆಗಳು. ಎರಡು ಸರ್ಕಾರಗಳು ಒಬ್ಬರಿಗೊಬ್ಬರು ಬರೆದ ಪತ್ರದ ಪ್ರತಿ ಎರಡೂ ಕಡೆ ಇರಬೇಕು. ಒಂದು ಕಡೆ ಹುಳ ತಿಂದಿದ್ದರೆ ಇನ್ನೊಂದು ಕಡೆ ಉಳಿದಿರಬಹುದು. ಇದು ಬಹಳ ಉಪಯೋಗದ ಸಂಗತಿ. ಕಾವೇರಿಯ 1892 ಮತ್ತು 1924ರ ಒಪ್ಪಂದಗಳ ಬಗ್ಗೆ ಕೆಲಸ ಮಾಡುವವರಿಗೂ ಇದೇ ಮಾತು. ಮೈಸೂರಿನ ಕಡತದ ಜೊತೆಗೆ ಮದ್ರಾಸಿನ ಕಡತವನ್ನೂ ಇಟ್ಟು ಓದಿದರೆ, ಯಾರು ಯಾರಿಗೆ ಏನು ಮುಚ್ಚಿಟ್ಟರು ಅನ್ನೋದು ಕಾಣುತ್ತದೆ.

ಇಷ್ಟಾದ ಮೇಲೆ 1891 ಮತ್ತು 1901ರ ಜನಗಣತಿ ವರದಿಗಳು, ಆ ಕಾಲದ ಪತ್ರಿಕೆಗಳು, ಆಸ್ಪತ್ರೆ ವರದಿಗಳು. ಕೊನೆಗೆ ಕಾಗದ ಬಿಟ್ಟು ಬೀದಿಗೆ ಬನ್ನಿ. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಹಲವು ಊರುಗಳಲ್ಲಿವೆ. ಸರ್ಕಾರದ ಯಾವ ಕಡತವೂ ಅವುಗಳ ಬಗ್ಗೆ ಹೇಳಲಿಕ್ಕಿಲ್ಲ.

ಒಳಗೆ ಬಿಡುತ್ತಾರಾ? ಯಾರ ಪತ್ರ ಬೇಕು?

ವಿದ್ಯಾರ್ಥಿಗಳಾದರೆ ಮಾರ್ಗದರ್ಶಕರ ಅಥವಾ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ಫೋಟೋ ಇಟ್ಟುಕೊಳ್ಳಿ. ಸಂಸ್ಥೆ ಇಲ್ಲದವರು ಹೆದರಬೇಕಿಲ್ಲ. ಆಧಾರ್ ಜೊತೆಗೆ, ಏನು ಹುಡುಕುತ್ತಿದ್ದೀರಿ, ಯಾಕೆ, ಯಾವ ವರ್ಷಗಳದ್ದು ಅಂತ ಒಂದು ಪುಟದ ಅರ್ಜಿ ನೀಟಾಗಿ ಬರೆದುಕೊಂಡು ಹೋಗಿ. ಬೇರೆ ರಾಜ್ಯದ ಪತ್ರಾಗಾರಕ್ಕೆ ಹೋಗುವುದಾದರೆ ಮೊದಲೇ ಪತ್ರವನ್ನೋ ಇಮೇಲನ್ನೋ ಕಳಿಸಿ, ಫೋನ್ ಮಾಡಿ ವಿಚಾರಿಸಿ. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ಕಾಗದಪತ್ರ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ಕರ್ನಾಟಕದಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ. ದೂರದಿಂದ ಬರುವವರು ಇದನ್ನು ನೋಡಿಕೊಂಡು ಟಿಕೆಟ್ ಮಾಡಿಸಿ. ಮೊದಲ ದಿನ ಕಡತ ಕೈಗೆ ಸಿಗುತ್ತದೆ ಅಂತ ಲೆಕ್ಕ ಹಾಕಲೇಬೇಡಿ. ಆ ದಿನ ಅನುಮತಿಗೆ ಮತ್ತು ಪಟ್ಟಿ ನೋಡುವುದಕ್ಕೆ ಸರಿಹೋಗುತ್ತದೆ.

ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ, ಗೋಪ್ಯ ಅಂತ ಗುರುತಿಸದ, 30 ವರ್ಷಕ್ಕಿಂತ ಹಳೆಯ, ಅಭಿಲೇಖಾಗಾರಕ್ಕೆ ಬಂದಿರುವ ದಾಖಲೆಗಳನ್ನು ಸಂಶೋಧಕರಿಗೆ ತೋರಿಸಬಹುದು. "ಬಂದಿರುವ" ಅನ್ನೋದೇ ಇಲ್ಲಿ ತೊಡಕು. ಎಷ್ಟೋ ಇಲಾಖೆಗಳು ಕಳಿಸುವುದೇ ಇಲ್ಲ.

ಪಟ್ಟಿಯಲ್ಲಿ ನಮ್ಮ ಊರಿನ ಹೆಸರೇ ಇಲ್ಲವಲ್ಲ?

ಇರುತ್ತದೆ, ನೀವು ಬರೆಯುವ ಹಾಗೆ ಇರುವುದಿಲ್ಲ. ಸೂಚಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಅದೂ ಆ ಕಾಲದ ಇಂಗ್ಲಿಷ್. ಚಿತ್ರದುರ್ಗ ಅಲ್ಲಿ ಚಿತಲ್‌ಡ್ರೂಗ್. ರಾಮನಗರ ಕ್ಲೋಸ್‌ಪೇಟೆ. ಪಾಂಡವಪುರ ಫ್ರೆಂಚ್ ರಾಕ್ಸ್. ಕೃಷ್ಣರಾಜನಗರ ಯಡತೊರೆ. ಚಿಕ್ಕಮಗಳೂರು ಜಿಲ್ಲೆ ಬೇಕಾದರೆ ಕಡೂರು ಜಿಲ್ಲೆ ಅಂತ ಹುಡುಕಿ. ಮಂಡ್ಯ ಜಿಲ್ಲೆಯಾದದ್ದೇ 1939ರಲ್ಲಿ. ಅದಕ್ಕೆ ಮುಂಚಿನದೆಲ್ಲ ಮೈಸೂರು ಜಿಲ್ಲೆಯ ಕೆಳಗೆ. ಬ್ರಿಟಿಷ್ ಕಮಿಷನರ್‌ಗಳು ಮೈಸೂರನ್ನು ಆಳಿದ ಕಾಲದಲ್ಲಿ (1831-81) ಅದಕ್ಕೂ ಮೇಲೆ ನಂದಿದುರ್ಗ, ಅಷ್ಟಗ್ರಾಮ, ನಗರ ಅಂತ ಮೂರು ವಿಭಾಗಗಳಿದ್ದವು. ಶಿವಮೊಗ್ಗದ ಎಷ್ಟೋ ಕಾಗದಗಳು ನಗರ ವಿಭಾಗದಲ್ಲಿ ಕೂತಿವೆ.

ಹುಡುಕುವ ಮೊದಲು ನಿಮ್ಮ ಊರು, ಹೋಬಳಿ, ತಾಲ್ಲೂಕು, ಪಕ್ಕದ ದೊಡ್ಡ ಊರು ಇವುಗಳ ಹಳೇ ಹೆಸರು ಮತ್ತು ಸ್ಪೆಲ್ಲಿಂಗ್‌ಗಳ ಚೀಟಿ ಮಾಡಿಕೊಳ್ಳಿ. ಊರಿನ ಹೆಸರು ಸಿಗದಿದ್ದರೆ ಅಮಲ್ದಾರರ (ಆ ಕಾಲದ ತಹಶೀಲ್ದಾರರ) ತಾಲ್ಲೂಕಿನ ಹೆಸರಲ್ಲಿ ನೋಡಿ.

ಮೈಸೂರಿನ ಕಡತಗಳ ವಿಳಾಸ ಸಾಮಾನ್ಯವಾಗಿ ಹೀಗಿರುತ್ತದೆ: ಇಲಾಖೆ, ಕಡತದ ನಂಬರು, ವರ್ಷ, ಒಳಗಿನ ಕ್ರಮಸಂಖ್ಯೆಗಳು. ಶಿಕ್ಷಣ ಇಲಾಖೆಯ ಒಂದು ಶಾಲೆಯ ಕಡತ ಅಂದುಕೊಳ್ಳಿ. ಅದರೊಳಗೆ 1ನೇ ಕಾಗದ ಊರಿನವರ ಅರ್ಜಿ, 2ನೆಯದು ಇನ್‌ಸ್ಪೆಕ್ಟರರ ಅಭಿಪ್ರಾಯ, 3ನೆಯದು ಡೆಪ್ಯುಟಿ ಕಮಿಷನರ ಟಿಪ್ಪಣಿ, ಕೊನೆಗೆ ಸರ್ಕಾರದ ಆದೇಶ. ಅವಸರದಲ್ಲಿರುವವರು ಕೊನೆಯ ಆದೇಶ ಮಾತ್ರ ಓದಿ ಎದ್ದು ಹೋಗುತ್ತಾರೆ. ರುಚಿ ಇರುವುದು ಮೊದಲ ಕಾಗದದಲ್ಲಿ. ಅಲ್ಲಿ ಊರಿನವರ ಕನ್ನಡ ಇರುತ್ತದೆ, ಸಹಿ ಬಾರದವರ ಹೆಬ್ಬೆಟ್ಟು ಇರುತ್ತದೆ. ಅದರ ಇಂಗ್ಲಿಷ್ ಸಾರಾಂಶ ಮಾಡಿದ ಗುಮಾಸ್ತ ಅರ್ಧ ಮಾತು ನುಂಗಿರುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಯಾವ ಭಾಷೆ, ಯಾವ ಲಿಪಿ ಕಲಿಯಬೇಕು?

1880ರ ನಂತರದ ಮೈಸೂರಿಗೆ ಇಂಗ್ಲಿಷ್ ಮತ್ತು ಕನ್ನಡ ಸಾಕು. ಅದಕ್ಕೂ ಹಿಂದೆ ಹೋದರೆ ಮರಾಠಿ ಎದುರಾಗುತ್ತದೆ, ಮೋಡಿ ಲಿಪಿಯಲ್ಲಿ. ಮುಂಬೈ ಕರ್ನಾಟಕದ ಹಳೇ ಕಂದಾಯ ದಾಖಲೆಗಳಿಗಂತೂ ಮೋಡಿ ಬೇಕೇ ಬೇಕು. ಪುಣೆಯಲ್ಲಿ ಮೋಡಿ ಕಲಿಸುವ ತರಗತಿಗಳು ನಡೆಯುತ್ತಿರುತ್ತವೆ, ಕಷ್ಟವೇನಲ್ಲ. ಕರಾವಳಿಯ ಓಲೆಗಳಿಗೆ ತಿಗಳಾರಿ ಲಿಪಿ, ಗೋವೆಗೆ ಪೋರ್ಚುಗೀಸ್, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಕಾಗದಗಳಿಗೆ ಹಳೇ ಕೈಬರಹದ ಜರ್ಮನ್.

ಕನ್ನಡ ಕೈಬರಹವೇ ಮೊದಲ ವಾರ ಕೈಕೊಡುತ್ತದೆ ಅನ್ನೋದು ಬೇರೆ ಮಾತು. ಶ್ಯಾನುಭೋಗರು ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ದೀರ್ಘ ಹಾಕುವುದು ಅವರ ಮರ್ಜಿ. ಒಂದೇ ಕೈಯ ನಾಲ್ಕೈದು ಪುಟಗಳನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ. ಆ ಕೈ ಪರಿಚಯವಾದ ಮೇಲೆ ಓದು ಸಲೀಸು.

ಸಂವತ್ಸರ, ಫಸಲಿ, ಶಕವರ್ಷ ಇವನ್ನೆಲ್ಲ ಇಸವಿಗೆ ಹೇಗೆ ತರುವುದು?

ಶಕವರ್ಷಕ್ಕೆ 78 ಕೂಡಿಸಿ. ವರ್ಷದ ಕೊನೆಯ ತಿಂಗಳುಗಳಾದರೆ 79. ಶಾಸನಗಳಲ್ಲಿ ಕೆಲವೊಮ್ಮೆ ಪೂರ್ತಿ ಮುಗಿದ ವರ್ಷಗಳ ಲೆಕ್ಕ, ಕೆಲವೊಮ್ಮೆ ನಡೆಯುತ್ತಿರುವ ವರ್ಷ ಬರೆದಿರುತ್ತಾರೆ. ಅದಕ್ಕೇ ಸಂವತ್ಸರದ ಹೆಸರಿನ ಜೊತೆ ತಾಳೆ ನೋಡಬೇಕು. ಮದ್ರಾಸ್ ಪ್ರಾಂತ್ಯದ ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಕೂಡಿಸಿ. ಫಸಲಿ 1300 ಅಂದರೆ 1890ರ ಜುಲೈನಿಂದ 1891ರ ಜೂನ್ ತನಕ. ಮರಾಠರ ಕಾಗದದ ಸುಹೂರ್ ಸನ್ ಆದರೆ 599 ಅಥವಾ 600. ಟಿಪ್ಪುವಿನ ಕಾಲದ ಕಾಗದಗಳಲ್ಲಿ ಅವನೇ ತಂದ ಮೌಲೂದಿ ಲೆಕ್ಕ ಬರುತ್ತದೆ, ಅದನ್ನು ಬಲ್ಲವರ ಕೈಲಿ ಕೇಳಿ.

ಸಂವತ್ಸರ ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ ಎಡವಟ್ಟು, ಯಾಕೆಂದರೆ 60 ವರ್ಷಕ್ಕೆ ಅದೇ ಹೆಸರು ತಿರುಗಿ ಬರುತ್ತದೆ. ಪ್ರಭವ 1867-68ರಲ್ಲಿ ಬಂತು, 1927-28ರಲ್ಲೂ ಬಂತು. ಅಲ್ಲಿಂದ ಎಣಿಸಿ. ಹಿರಿಯರು "ಧಾತು ಈಶ್ವರದ ಬರ" ಅಂದರೆ ಅದು 1876-77 ಮತ್ತು 1877-78. ಆ ಬರ ಎಂಥದ್ದು ಅಂದರೆ, 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಊರು ಹಾಳಾದ ಕಥೆ ಕೇಳಿದಾಗ ಸಂವತ್ಸರ ಯಾವುದು ಅಂತ ಕೇಳಿ. ಇಸವಿ ನೆನಪಿಲ್ಲದವರಿಗೂ ಅದು ನೆನಪಿರುತ್ತದೆ.

ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಎಷ್ಟು ನೋಡಬಹುದು?

ಐದು ವರ್ಷದ ಹಿಂದಿಗಿಂತ ಈಗ ತುಂಬಾ ಜಾಸ್ತಿ. ರಾಷ್ಟ್ರೀಯ ಅಭಿಲೇಖಾಗಾರದ "ಅಭಿಲೇಖ ಪಟಲ್" ತಾಣದಲ್ಲಿ ನೋಂದಾಯಿಸಿಕೊಂಡು ಲಕ್ಷಗಟ್ಟಲೆ ಕಡತಗಳ ಪಟ್ಟಿ ಹುಡುಕಬಹುದು, ಸ್ಕ್ಯಾನ್ ಆಗಿರುವುದನ್ನು ಓದಬಹುದು. ಗೆಜೆಟಿಯರುಗಳು, ಆಡಳಿತ ವರದಿಗಳು, ಹಳೇ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಬಾಸೆಲ್ ಮಿಷನ್ನಿನವರ ಫೋಟೋ ಮತ್ತು ನಕ್ಷೆಗಳ ತಾಣ ಒಂದಿದೆ, ಮಂಗಳೂರು, ಧಾರವಾಡ, ಕೊಡಗಿನವರು ಒಮ್ಮೆ ಊರಿನ ಹೆಸರು ಹಾಕಿ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಅವರು ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಎಲ್ಲದರ ಚಿತ್ರ ತೆಗೆದಿಟ್ಟಿದ್ದಾರೆ.

ಆದರೆ ಸ್ಕ್ಯಾನ್ ಆಗಿರುವುದಷ್ಟೇ ಚರಿತ್ರೆ ಅಂತ ಅಂದುಕೊಂಡರೆ ಕೆಟ್ಟಿತು. ಇಂಗ್ಲಿಷ್ ಕಡತ ಮೊದಲು ಸ್ಕ್ಯಾನ್ ಆಗುತ್ತದೆ. ತಾಲ್ಲೂಕು ಕಚೇರಿಯ ಕನ್ನಡ ದಫ್ತರ ಕೊನೆಗೆ, ಅಥವಾ ಇಲ್ಲವೇ ಇಲ್ಲ. ಆನ್‌ಲೈನ್ ಮಾತ್ರ ನಂಬಿ ಬರೆದರೆ ಸಾಹೇಬರ ಕಣ್ಣಿನ ಚರಿತ್ರೆಯೇ ಮತ್ತೆ ಮತ್ತೆ ಬರುತ್ತದೆ.

ಲಂಡನ್ನಿಗೆ ಹೋಗಲೇಬೇಕಾ?

ಬಹುತೇಕರಿಗೆ ಬೇಡ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಲಾಖೆ) ದಾಖಲೆಗಳಲ್ಲಿ ಪ್ರಾಂತ್ಯಗಳಿಂದ ಹೋದ ಪ್ರತಿಗಳು ಜಾಸ್ತಿ. ಅವುಗಳ ಮೂಲ ಚೆನ್ನೈ, ಮುಂಬೈ, ದೆಹಲಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಅಧಿಕಾರಿಗಳ ಖಾಸಗಿ ಪತ್ರ, ನಕ್ಷೆ, ಚಿತ್ರ, ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿಯ ಸಂಗ್ರಹದ ಒಂದು ಭಾಗ, ಟಿಪ್ಪುವಿನ ಕನಸುಗಳ ಪುಸ್ತಕ ಇಂಥವು ಅಲ್ಲಿ ಮಾತ್ರ. ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳಿಗೆ (ಊರು, ಮನೆತನಗಳ ಹಳೇ ವೃತ್ತಾಂತಗಳಿಗೆ) ಲಂಡನ್ ಬೇಡ, ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ಸಾಕು. ಇಂಗ್ಲೆಂಡಿನಲ್ಲೇ ಇರುವ ಕನ್ನಡಿಗರಿಗಾದರೆ ರೀಡರ್ ಕಾರ್ಡ್ ಮಾಡಿಸಿಕೊಳ್ಳಿ ಅನ್ನುತ್ತೇನೆ. ವಾರಾಂತ್ಯದ ಒಳ್ಳೇ ಹವ್ಯಾಸ.

1800ಕ್ಕಿಂತ ಹಿಂದಿನದು ಬೇಕು. ಕಡತ ಇರುತ್ತದಾ?

ಸರ್ಕಾರಿ ಕಡತ ಕಡಿಮೆ. ಅಲ್ಲಿಂದಾಚೆ ಶಾಸನ, ಓಲೆಗರಿ, ಮಠದ ದಾಖಲೆ. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಯಿತು, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳೂ ಇವೆ. ತಾಲ್ಲೂಕಿನ ಹೆಸರು, ಅದರ ಕೆಳಗೆ ನಂಬರು, ಇಷ್ಟೇ. ನಿಮ್ಮ ತಾಲ್ಲೂಕು ತೆರೆದು ಊರು ಹುಡುಕಿ. ಸಂಪುಟದಲ್ಲಿ ಇದ್ದು ಊರಲ್ಲಿ ಕಲ್ಲು ಇಲ್ಲದಿದ್ದರೆ ಆಶ್ಚರ್ಯವಿಲ್ಲ, ಯಾರದೋ ಮನೆಯ ಪಾಯ ಸೇರಿರುತ್ತದೆ. ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಮೈಸೂರಿನಲ್ಲಿದ್ದು, ಅಲ್ಲಿ ಶಾಸನದ ಅಚ್ಚುಪ್ರತಿಗಳಿವೆ. ಓಲೆಗರಿಗೆ 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಕೆಳದಿಯ ವಸ್ತುಸಂಗ್ರಹಾಲಯ, ಮೂಡಬಿದಿರೆ ಮತ್ತು ಶ್ರವಣಬೆಳಗೊಳದ ಜೈನ ಭಂಡಾರಗಳು.

ಮಠಗಳಲ್ಲಿ ಬಟ್ಟೆಯ ಕಡತಗಳನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚಿ ಪುಟ ಮಾಡುತ್ತಿದ್ದರು. ಮೇಲೆ ಬಳಪದಲ್ಲಿ ಬರವಣಿಗೆ. ಬೆರಳು ಸೋಕಿದರೆ ಅಕ್ಷರ ಹೋಗುತ್ತದೆ, ಅಂಚು ಹಿಡಿದೇ ತಿರುಗಿಸಬೇಕು. ಶೃಂಗೇರಿ ಮಠದ ದಾಖಲೆಗಳಲ್ಲೇ, 1916ರಲ್ಲಿ, ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳನ್ನು ಗುರುತಿಸಿದ್ದು. ಅಲ್ಲಿಯವರೆಗೆ ಅವು ಮಠದ ಲೆಕ್ಕಪತ್ರಗಳ ಜೊತೆ ಸುಮ್ನೆ ಇದ್ದವು.

ಮನೆತನದ ಚರಿತ್ರೆ, ಜಮೀನಿನ ಮೂಲ ಹುಡುಕಬೇಕು. ಎಲ್ಲಿಗೆ ಹೋಗಲಿ?

ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್. ಸರ್ವೆ ನಂಬರು ಇಟ್ಟುಕೊಂಡು ಹೋಗಿ, ಅದಿಲ್ಲದೆ ಕೆಲಸವಾಗದು. ಹಳೇ ಕೈಬರಹದ ಪಹಣಿ, ಖಾತೆ ಪುಸ್ತಕ, ಮ್ಯುಟೇಶನ್ ರಿಜಿಸ್ಟರ್, ಇನಾಂ ರಿಜಿಸ್ಟರ್ ಅಲ್ಲಿರುತ್ತವೆ. ಮೂಲ ನಕ್ಷೆ, ಟಿಪ್ಪಣಿ, ಆಕಾರಬಂದಿಗೆ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿಗೆ) ಸರ್ವೆ ಇಲಾಖೆ. ಕ್ರಯಪತ್ರಗಳಿಗೆ ಉಪನೋಂದಣಾಧಿಕಾರಿ ಕಚೇರಿ, ಶುಲ್ಕ ಕಟ್ಟಿದರೆ ಸ್ಥಿರಾಸ್ತಿಯ ಸೂಚಿಯನ್ನು ಯಾರು ಬೇಕಾದರೂ ನೋಡಬಹುದು.

ಕಾಗದ ಹೇಳದ ವಂಶಾವಳಿಯನ್ನು ಹೆಳವರು ಹೇಳುತ್ತಾರೆ. ಎತ್ತಿನ ಮೇಲೆ ಕೂತು ಬಂದು, ಮನೆ ಬಾಗಿಲಲ್ಲಿ ತಲೆಮಾರುಗಳ ಹೆಸರು ಒಪ್ಪಿಸುವವರು. ಕೆಲವರ ಬಳಿ ಬರೆದಿಟ್ಟ ಪುಸ್ತಕಗಳೂ ಇವೆ. ನಿಮ್ಮ ಮನೆತನದ ಹೆಳವರು ಯಾವ ಊರಿನವರು ಅಂತ ಮನೆಯ ಹಿರಿಯರನ್ನು ಕೇಳಿ. ಕ್ರೈಸ್ತ ಮನೆತನಗಳಿಗೆ ಇಗರ್ಜಿಯ ಜ್ಞಾನಸ್ನಾನ ಮತ್ತು ಮದುವೆ ಪುಸ್ತಕಗಳಿವೆ.

ಕಡತ "ಸಿಗುತ್ತಿಲ್ಲ" ಅಂದರೆ?

ಮೂರು ಅರ್ಥ ಇರಬಹುದು. ನಾಶವಾಗಿದೆ, ಬೇರೆ ಕಡೆ ಇಟ್ಟಿದ್ದಾರೆ, ಇವತ್ತು ಹುಡುಕುವವರಿಲ್ಲ. ಮೂರನೆಯದೇ ಜಾಸ್ತಿ. ಜಗಳ ಆಡಬೇಡಿ. ಅದೇ ಕಡತದ ಪಕ್ಕದ ನಂಬರು ಕೇಳಿ, ಮೇಲಿನ ಕಚೇರಿಗೆ ಹೋದ ಪ್ರತಿ ಕೇಳಿ, ನಾಳೆ ಮತ್ತೆ ಕೇಳಿ. ರೆಕಾರ್ಡ್ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅಟೆಂಡರುಗಳಿಗೆ ಪಟ್ಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಜೊತೆ ಒಂದು ಕಾಫಿ ಕುಡಿದು ನಿಮ್ಮ ವಿಷಯ ಹೇಳಿ.

ಕಾಗದ ಇನ್ನೂ ಇಲಾಖೆಯಲ್ಲೇ ಇದೆ ಅಂತ ಗೊತ್ತಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆಯ 8(3)ರ ಪ್ರಕಾರ, 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಗಳ ಮಾಹಿತಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ. ಅರ್ಜಿಯಲ್ಲಿ ಆ ಕಲಮನ್ನು ಬರೆಯಿರಿ.

ಸರ್ಕಾರಿ ಕಡತದಲ್ಲಿ ಇರುವುದೆಲ್ಲ ನಿಜವಾ?

ಎಲ್ಲವೂ ಅಲ್ಲ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಸರ್ಕಾರ ಒಪ್ಪಿಕೊಂಡ ಸಾವಿನ ಸಂಖ್ಯೆಗೂ ಜನ ಹೇಳುವ ಸಂಖ್ಯೆಗೂ ದೊಡ್ಡ ಅಂತರ. ವೇಪ ರಾಮೇಶಂ ಅವರ ವಿಚಾರಣಾ ವರದಿ ಓದುವಾಗ, ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಅಂತ ನೋಡುತ್ತಾ ಓದಬೇಕು. ಪೊಲೀಸ್ ಕಡತ ಸುಳ್ಳು ಅಂತ ಎಸೆಯುವುದೂ ತಪ್ಪು. ಅವತ್ತು ಎಷ್ಟು ಪೊಲೀಸರಿದ್ದರು, ಯಾರ ಆದೇಶ, ಯಾವ ತಂತಿ ಎಷ್ಟು ಹೊತ್ತಿಗೆ ಹೋಯಿತು ಅನ್ನೋದು ಅಲ್ಲಿ ಬಿಟ್ಟರೆ ಬೇರೆಲ್ಲಿ ಸಿಗುತ್ತದೆ?

ಹೆಂಗಸರು, ದಲಿತರು, ಕೂಲಿಗಳು ಕಡತದಲ್ಲಿ ಬರುವುದು ಹೆಚ್ಚಾಗಿ ತೊಂದರೆಯಾದಾಗ ಅಥವಾ ತೊಂದರೆ ಕೊಟ್ಟಾಗ. ಅವರ ಬದುಕು ಅಷ್ಟೇ ಅಲ್ಲ ಅನ್ನೋದು ನೆನಪಿರಲಿ.

ಫೋಟೋ ತೆಗೆಯಬಹುದಾ? ನೋಟ್ಸ್ ಹೇಗೆ ಮಾಡಿಕೊಳ್ಳಲಿ?

ಫೋಟೋ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೇಳಿಯೇ ತೆಗೆಯಿರಿ. ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ. ಎಂಜಲು ಹಚ್ಚಿ ಪುಟ ತಿರುಗಿಸಬೇಡಿ. ಧೂಳಿನ ಅಲರ್ಜಿ ಇದ್ದವರು ಮಾಸ್ಕ್ ಇಟ್ಟುಕೊಳ್ಳಿ.

ಪ್ರತಿ ಕಡತದ ಮೊದಲ ಫೋಟೋ ಅದರ ಹೊರಗಿನ ಹೊದಿಕೆಯದೇ ಆಗಿರಲಿ. ಪತ್ರಾಗಾರ, ಇಲಾಖೆ, ನಂಬರು, ವರ್ಷ, ಕ್ರಮಸಂಖ್ಯೆ, ದಿನಾಂಕ, ಯಾರು ಯಾರಿಗೆ ಬರೆದದ್ದು, ಇಷ್ಟನ್ನು ನೋಟ್ಸಿನ ಮೇಲೆ ಬರೆದು ಆಮೇಲೆ ವಿಷಯ ಬರೆಯಿರಿ. ಹುಡುಕಿ ಏನೂ ಸಿಗದ ಕಡತದ ನಂಬರನ್ನೂ ಬರೆದಿಡಿ. ಇಲ್ಲದಿದ್ದರೆ ಮುಂದಿನ ಸಲ ಅದನ್ನೇ ಮತ್ತೆ ತರಿಸುತ್ತೀರಿ.

ನಮ್ಮ ಅಟ್ಟದಲ್ಲೇ ಹಳೇ ಕಾಗದ, ಓಲೆಗರಿ ಇದೆ. ಏನು ಮಾಡಲಿ?

ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಸೆಲ್ಲೋಟೇಪ್ ಹಚ್ಚಬೇಡಿ. ಕಟ್ಟು ಬಿಚ್ಚಿದರೆ ಇದ್ದ ಕ್ರಮ ಬದಲಾಯಿಸಬೇಡಿ, ಯಾಕೆಂದರೆ ಯಾವ ಕಾಗದ ಯಾವುದರ ಜೊತೆಗಿತ್ತು ಅನ್ನೋದೂ ಒಂದು ಸುಳಿವು. ಒಣ ಮೆತ್ತನೆ ಬ್ರಶ್‌ನಿಂದ ಧೂಳು ತೆಗೆದು, ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಓಲೆಗರಿಗೆ ತಜ್ಞರು ನಿಂಬೆಹುಲ್ಲಿನ ಎಣ್ಣೆ ಹಚ್ಚುತ್ತಾರೆ, ಆದರೆ ಅದನ್ನು ನೀವೇ ಮಾಡಲು ಹೋಗದೆ ಮೇಲೆ ಹೇಳಿದ ಸಂಸ್ಥೆಗಳಲ್ಲಿ ಹತ್ತಿರದ್ದನ್ನು ಕೇಳಿ. ಮೂಲ ಪ್ರತಿ ಕೊಡಲು ಮನಸ್ಸಿಲ್ಲದಿದ್ದರೆ ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡಿ ಅಂತ ಕೇಳಬಹುದು. ಕೊಡುವಾಗ ಎಷ್ಟು ಕಟ್ಟು, ಎಷ್ಟು ಗರಿ ಅಂತ ಬರೆದು ಸಹಿ ಮಾಡಿಸಿಕೊಂಡ ರಸೀದಿ ನಿಮ್ಮ ಹತ್ತಿರ ಇರಲಿ.